ಚೋಮ ಸಿಕ್ಕಿದ, ಕುಡಿಯರ ಕೂಸು ಎಲ್ಲಿ?

ಬಿ.ಸಿ. ರೋಡಿನಿಂದ ಮೆಲ್ಕಾರ್ ದಾಟಿ ಒಳದಾರಿ ಹಿಡಿದರೆ ಮಂಚಿ ಸಿಗುತ್ತದೆ. ಬಂಟ್ವಾಳ ತಾಲ್ಲೂಕಿನ ಈ ಹಳ್ಳಿಯ ಹುಡುಗನೊಬ್ಬ ಮೂರನೇ ತರಗತಿಯಲ್ಲಿದ್ದಾಗ ಕುವೆಂಪು ಅವರ ‘ನನ್ನ ಗೋಪಾಲ’ ನಾಟಕಕ್ಕೆ ಬಣ್ಣ ಹಚ್ಚಿದ. ಹಚ್ಚಿದ ಬಣ್ಣ ಆಮೇಲೆ ಇಳಿಯಲೇ ಇಲ್ಲ. ಮನೆ ಬಿಟ್ಟು ಓಡಿ ಗುಬ್ಬಿ ವೀರಣ್ಣನವರ ಕಂಪನಿ ಸೇರಿದ. ವೀರಣ್ಣನವರೇ ಕಾಶಿಗೆ ಕಳಿಸಿದರು; ಅಲ್ಲಿ ಎಂ.ಎ. ಮುಗಿಸಿದ, ಓಂಕಾರನಾಥ ಠಾಕೂರರ ಬಳಿ ಹಿಂದುಸ್ತಾನಿ ಸಂಗೀತ ಕಲಿತ. ದಿಲ್ಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಓದಿ, ಮುಂದೊಂದು ದಿನ ಅದರ ನಿರ್ದೇಶಕನ ಕುರ್ಚಿಯಲ್ಲೇ ಕೂತ. ಬಾಬುಕೋಡಿ ವೆಂಕಟರಮಣ ಕಾರಂತ, ನಾಟಕದವರ ಬಾಯಲ್ಲಿ ಬಿ.ವಿ. ಕಾರಂತ.

ಪಕ್ಕದ ಪುತ್ತೂರಿನ ಬಾಲವನದಲ್ಲಿ ಇನ್ನೊಬ್ಬ ಕಾರಂತರಿದ್ದರು. ಕೋಟದಲ್ಲಿ ಹುಟ್ಟಿ ಪುತ್ತೂರಿನಲ್ಲಿ ಬೇರೂರಿದವರು. ಅವರ ಪರಿಚಯ ಮಾಡಿಕೊಡಲು ಹೊರಟರೆ ಓದುಗರು ನಕ್ಕಾರು. ಈ ಇಬ್ಬರಿಗೂ ಒಂದು ತಲೆಮಾರಿನ ಅಂತರ. ಹಿರಿಯ ಕಾರಂತರು 1933ರಲ್ಲಿ ಪ್ರಕಟಿಸಿದ ‘ಚೋಮನ ದುಡಿ’ಯನ್ನು ಕಿರಿಯ ಕಾರಂತರು 1975ರಲ್ಲಿ ತೆರೆಗೆ ತಂದರು. ಆ ವರ್ಷದ ಅತ್ಯುತ್ತಮ ಕಥಾಚಿತ್ರವೆಂದು ಸ್ವರ್ಣಕಮಲ ಬಂತು. ಚೋಮನಾದ ಎಂ.ವಿ. ವಾಸುದೇವರಾಯರು ಶ್ರೇಷ್ಠ ನಟ ಪ್ರಶಸ್ತಿ ಪಡೆದರು, ಕಥೆಯ ಪ್ರಶಸ್ತಿ ಕಾದಂಬರಿಕಾರರಿಗೆ ಸಂದಿತು. ಇಷ್ಟು ಎಲ್ಲರಿಗೂ ಗೊತ್ತು. ಇದರ ಹಿಂದೆಯೇ ನಡೆದ ಇನ್ನೊಂದು ಸಂಗತಿ ಮಾತ್ರ ಹೆಚ್ಚು ಜನರಿಗೆ ಗೊತ್ತಿಲ್ಲ. ಮೂರು ವರ್ಷ ಕಳೆದು, 1978ರಲ್ಲಿ, ಶಿವರಾಮ ಕಾರಂತರು ತಮ್ಮದೇ ‘ಕುಡಿಯರ ಕೂಸು’ ಕಾದಂಬರಿಯನ್ನು ‘ಮಲೆಯ ಮಕ್ಕಳು’ ಎಂಬ ಹೆಸರಿನಲ್ಲಿ ತಾವೇ ನಿರ್ದೇಶಿಸಿದರು. ಆಗ ಅವರಿಗೆ ವಯಸ್ಸು ಎಪ್ಪತ್ತೈದು ದಾಟಿತ್ತು. 1977ರ ಜ್ಞಾನಪೀಠ ‘ಮೂಕಜ್ಜಿಯ ಕನಸುಗಳು’ ಕಾದಂಬರಿಗೆ ಬಂದ ಹೊತ್ತು. ಹಾರ ತುರಾಯಿ ಹಾಕಿಸಿಕೊಂಡು ಮನೆಯಲ್ಲಿ ಕೂರಬಹುದಾಗಿದ್ದ ಹಿರಿಯರು ಕ್ಯಾಮೆರಾದ ಹಿಂದೆ ನಿಂತಿದ್ದರು.

ಕಾರಂತರನ್ನು ಬಲ್ಲವರಿಗೆ ಇದು ವಿಚಿತ್ರ ಅನಿಸಲಿಕ್ಕಿಲ್ಲ. ಅವರು ಯಾವ ಕೆಲಸವನ್ನೂ ಇನ್ನೊಬ್ಬರಿಗೆ ಒಪ್ಪಿಸಿ ಸುಮ್ಮನಿರುವ ಜಾತಿಯವರಲ್ಲ. ಮಕ್ಕಳಿಗೆ ವಿಶ್ವಕೋಶ ಬೇಕೆನಿಸಿತು, ‘ಬಾಲಪ್ರಪಂಚ’ದ ಸಂಪುಟಗಳನ್ನು ತಾವೊಬ್ಬರೇ ಬರೆದರು. ವಿಜ್ಞಾನಕ್ಕೂ ಹಾಗೆಯೇ, ನಾಲ್ಕು ಸಂಪುಟ. ಯಕ್ಷಗಾನ ಕೆಟ್ಟಿತು ಅನಿಸಿದಾಗ ಲೇಖನ ಬರೆದು ಕೈತೊಳೆದುಕೊಳ್ಳದೆ ಗೆಜ್ಜೆ ಕಟ್ಟಿ ಕುಣಿದರು. ಪುಸ್ತಕ ಅಚ್ಚು ಹಾಕಲು ಮುದ್ರಣಾಲಯವನ್ನೇ ನಡೆಸಿದರು. ಸಿನಿಮಾ ಕೂಡ ಅವರಿಗೆ ಹೊಸದೇನಲ್ಲ. 1930ರಲ್ಲಿ ‘ಡೊಮಿಂಗೊ’, 1931ರಲ್ಲಿ ‘ಭೂತರಾಜ್ಯ’ ಎಂಬ ಎರಡು ಮೂಕಿಚಿತ್ರಗಳನ್ನು ಮಾಡಿದ್ದರು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ಬಂದದ್ದು 1934ರಲ್ಲಿ. ಎಂದರೆ ಕನ್ನಡ ಸಿನಿಮಾಕ್ಕೆ ಬಾಯಿ ಬರುವ ಮುಂಚೆಯೇ ಕಾರಂತರು ಕೈ ಸುಟ್ಟುಕೊಂಡಾಗಿತ್ತು. ಮೂಕಿಯಿಂದ ಮಾತಿನ ಚಿತ್ರಕ್ಕೆ ಬರಲು ಅವರು ನಡುವೆ 47 ವರ್ಷ ತೆಗೆದುಕೊಂಡರು. ಆ ನಡುವೆ ಹತ್ತಾರು ಕಾದಂಬರಿ ಬರೆದರೆನ್ನಿ.

ಕಾದಂಬರಿ ಬರೆದವರೇ ಅದನ್ನು ಸಿನಿಮಾ ಮಾಡಬೇಕೆ? ಸಾಮಾನ್ಯ ಉತ್ತರ, ಬೇಡ. ಹೆತ್ತವರಿಗೆ ಹೆಗ್ಗಣ ಮುದ್ದು. ಒಂದು ಸಾಲು ಬಿಡಲೂ ಮನಸ್ಸು ಬರುವುದಿಲ್ಲ ಎನ್ನುವುದು ಸಿನಿಮಾದವರ ವಾದ. ‘ಸಂಸ್ಕಾರ’ದಲ್ಲಿ ಅನಂತಮೂರ್ತಿ ಬರೆದರು, ಕಾರ್ನಾಡ್ ಚಿತ್ರಕಥೆ ಮಾಡಿದರು, ಪಟ್ಟಾಭಿರಾಮ ರೆಡ್ಡಿ ನಿರ್ದೇಶಿಸಿದರು. ‘ವಂಶವೃಕ್ಷ’ ಭೈರಪ್ಪನವರ ಕೈಯಿಂದ ಕಾರ್ನಾಡ್ ಮತ್ತು ಬಿ.ವಿ. ಕಾರಂತರ ಕೈಗೆ ಬಂತು. ನಮ್ಮ ಹೊಸ ಅಲೆಯ ಚಿತ್ರಗಳು ಗೆದ್ದದ್ದು ಬಹುಪಾಲು ಹೀಗೆ ಕೈ ಬದಲಾಯಿಸಿಯೇ. ತಮ್ಮದನ್ನು ತಾವೇ ಮಾಡಿದವರಲ್ಲಿ ಚಂದ್ರಶೇಖರ ಕಂಬಾರರ ‘ಕಾಡು ಕುದುರೆ’ ನೆನಪಾಗುತ್ತದೆ. ಅದೂ ಮುಖ್ಯವಾಗಿ ಶಿವಮೊಗ್ಗ ಸುಬ್ಬಣ್ಣನವರಿಗೆ ರಾಷ್ಟ್ರಪ್ರಶಸ್ತಿ ತಂದ ಹಾಡಿನಿಂದ.

ಹೊರಗಿನ ಲೋಕದಲ್ಲಿ, ಅದರಲ್ಲೂ ಫ್ರೆಂಚ್‌ನಲ್ಲಿ ಬರೆಯುವವರಲ್ಲಿ, ಇಂಥ ಸಾಹಸಕ್ಕೆ ದೊಡ್ಡ ಪರಂಪರೆಯೇ ಇದೆ. ಮಾರ್ಗರಿತ್ ದ್ಯುರಾಸ್ ತಮ್ಮ ಕೃತಿಗಳನ್ನು ಒಂದಾದ ಮೇಲೊಂದು ತಾವೇ ಚಿತ್ರ ಮಾಡಿದರು. ನಮ್ಮ ‘ಚೋಮನ ದುಡಿ’ ಬಂದ 1975ರಲ್ಲೇ ಅವರ ‘ಇಂಡಿಯಾ ಸಾಂಗ್’ ಬಂತು. ಕತೆ ಕೋಲ್ಕತ್ತದ್ದು, ಚಿತ್ರೀಕರಣ ಪೂರ್ತಿ ಫ್ರಾನ್ಸಿನಲ್ಲಿ! ನಮ್ಮ ಚೋಮನಿಗೆ ಹೆಚ್ಚು ಹತ್ತಿರದವರು ಸೆನೆಗಲ್‌ನ ಉಸ್ಮಾನ್ ಸೆಂಬೆನ್. ಮಾರ್ಸೆಯ್ ಬಂದರಿನಲ್ಲಿ ಮೂಟೆ ಹೊರುತ್ತಿದ್ದವರು, ಶಾಲೆ ಹೆಚ್ಚು ಕಂಡವರಲ್ಲ. ಫ್ರೆಂಚ್‌ನಲ್ಲಿ ಕಾದಂಬರಿ ಬರೆದು ಹೆಸರು ಮಾಡಿದರು. ಆದರೆ ತನ್ನೂರಿನ ಜನಕ್ಕೆ ಫ್ರೆಂಚ್ ಓದಲು ಬರುವುದಿಲ್ಲವಲ್ಲ! ನಲವತ್ತರ ಹತ್ತಿರದ ವಯಸ್ಸಿನಲ್ಲಿ ಮಾಸ್ಕೋಗೆ ಹೋಗಿ ಸಿನಿಮಾ ಕಲಿತು ಬಂದರು. 1966ರಲ್ಲಿ ಫ್ರೆಂಚ್‌ನಲ್ಲಿ ಪ್ರಕಟಿಸಿದ್ದ ಮನಿಯಾರ್ಡರಿನ ಕತೆಯನ್ನು 1968ರಲ್ಲಿ ‘ಮಾಂದಾಬಿ’ ಎಂಬ ಚಿತ್ರ ಮಾಡಿದಾಗ ಪಾತ್ರಗಳ ಬಾಯಲ್ಲಿ ಹಾಕಿದ್ದು ವೊಲೊಫ್, ಅವರ ಮನೆಮಾತು. ಪ್ಯಾರಿಸಿನಲ್ಲಿರುವ ಸೋದರಳಿಯ ಕಳಿಸಿದ ಮನಿಯಾರ್ಡರ್ ಬಿಡಿಸಿಕೊಳ್ಳಲು ಗುರುತಿನ ಚೀಟಿಯಿಲ್ಲದೆ ಕಚೇರಿಯಿಂದ ಕಚೇರಿಗೆ ಅಲೆಯುವ ಮನುಷ್ಯನ ಕತೆ ಅದು. ನಮ್ಮ ತಾಲ್ಲೂಕು ಕಚೇರಿಗಳ ವರಾಂಡದಲ್ಲಿ ಕೂತವರಿಗೆ ಉಪಶೀರ್ಷಿಕೆ ಬೇಕಾಗಲಿಕ್ಕಿಲ್ಲ.

ಚೀನಾದಲ್ಲಿ ಹುಟ್ಟಿ ಫ್ರಾನ್ಸಿನಲ್ಲಿ ನೆಲೆಸಿದ ದೈ ಸಿಜೀ ಕೂಡ ಹೀಗೆಯೇ. ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ ಬೆಟ್ಟದ ಹಳ್ಳಿಗೆ ಗಡೀಪಾರಾದ ಇಬ್ಬರು ಹುಡುಗರು, ದರ್ಜಿಯ ಮಗಳು, ಕದ್ದು ಓದಿದ ಬಾಲ್ಜಾಕ್ – ಈ ಕತೆಯನ್ನು 2000ದಲ್ಲಿ ಫ್ರೆಂಚ್‌ನಲ್ಲಿ ಬರೆದರು. 2002ರಲ್ಲಿ ತಾವೇ ಚಿತ್ರ ಮಾಡುವಾಗ ಚೀನೀ ಭಾಷೆಗೆ ಮರಳಿದರು. ಅಷ್ಟೇ ಅಲ್ಲ, ಕಾದಂಬರಿಯಲ್ಲಿಲ್ಲದ ಒಂದು ಕೊನೆಯನ್ನು ಸೇರಿಸಿದರು. ವರ್ಷಗಳು ಕಳೆದು, ಅಣೆಕಟ್ಟಿನ ನೀರಿನಲ್ಲಿ ಅದೇ ಹಳ್ಳಿ ಮುಳುಗುತ್ತದೆ. ಬೇರೆ ನಿರ್ದೇಶಕ ಹೀಗೆ ಮಾಡಿದ್ದರೆ ‘ಮೂಲಕ್ಕೆ ದ್ರೋಹ’ ಎಂದು ಓದುಗರು ಎಗರಿ ಬೀಳುತ್ತಿದ್ದರು. ಬರೆದವನೇ ಮಾಡಿದರೆ ಕೇಳುವವರಾರು? ತನ್ನ ಪುಸ್ತಕವನ್ನು ಧೈರ್ಯವಾಗಿ ಮುರಿಯುವ ಅಧಿಕಾರ ಪೂರ್ತಿಯಾಗಿ ಇರುವುದು ಬರೆದವನಿಗೊಬ್ಬನಿಗೇ. ಸಿನಿಮಾದವರ ‘ಹೆತ್ತವರ ಮುದ್ದು’ ವಾದಕ್ಕೆ ನನ್ನ ಉತ್ತರ ಇದು.

ಈಗ ನಮ್ಮೂರಿಗೆ ಬರೋಣ. ಚೋಮ ಯಾವ ಭಾಷೆಯವನು? ಭೂತ ಪಂಜುರ್ಲಿ, ದುಡಿಯುವುದು ತುಳುನಾಡಿನ ಗದ್ದೆಯಲ್ಲಿ. ಮನೆಯೊಳಗೆ ಮಗಳು ಬೆಳ್ಳಿಯ ಹತ್ತಿರ ಅವನು ಆಡುವ ಮಾತು ತುಳುವಲ್ಲದೆ ಇನ್ನೇನಾಗಿದ್ದೀತು? ಕಾರಂತರು ಅದನ್ನು ಕನ್ನಡದಲ್ಲಿ ಬರೆದರು, ಸಿನಿಮಾ ಕೂಡ ಕನ್ನಡದಲ್ಲೇ ಬಂತು. 1971ರಲ್ಲೇ ‘ಎನ್ನ ತಂಗಡಿ’ಯೊಂದಿಗೆ ತುಳು ಸಿನಿಮಾ ಶುರುವಾಗಿತ್ತು, ಎಂದರೆ ತುಳುವಿನಲ್ಲಿ ಚಿತ್ರ ಮಾಡುವುದು ಅಸಾಧ್ಯವೇನೂ ಆಗಿರಲಿಲ್ಲ. ಸೆಂಬೆನ್ ಇಟ್ಟ ಹೆಜ್ಜೆಯನ್ನು ನಾವು ಇಡಲಿಲ್ಲ. ಆ ಕೊರತೆಯನ್ನು ಬಹುಮಟ್ಟಿಗೆ ತುಂಬಿದ್ದು ದುಡಿ. ಸಂಗೀತ ಬಲ್ಲ ನಿರ್ದೇಶಕ ಸಿಕ್ಕಿದ್ದರ ಲಾಭ ಅಲ್ಲಿದೆ. ಕಾದಂಬರಿಯಲ್ಲಿ ಲೇಖಕರು ಚೋಮನ ಸಿಟ್ಟು, ಆಸೆ, ಅವಮಾನವನ್ನು ವಿವರಿಸಿ ಹೇಳುತ್ತಾರೆ. ಸಿನಿಮಾದಲ್ಲಿ ಬಿ.ವಿ. ಕಾರಂತರು ಆ ಕೆಲಸವನ್ನು ಆ ಚರ್ಮವಾದ್ಯಕ್ಕೂ ವಾಸುದೇವರಾಯರ ಮುಖಕ್ಕೂ ಹಂಚಿಬಿಟ್ಟರು. ಎಸ್. ರಾಮಚಂದ್ರರ ಕಪ್ಪುಬಿಳುಪಿನ ಛಾಯಾಗ್ರಹಣದಲ್ಲಿ ಗುಡಿಸಲಿನ ಕತ್ತಲು ನಿಜವಾದ ಕತ್ತಲೇ.

ನೀಲ ಹೊಳೆಯಲ್ಲಿ ಮುಳುಗುವ ಸಂದರ್ಭವನ್ನೇ ತೆಗೆದುಕೊಳ್ಳಿ. ಚೋಮನ ಕಿರಿಯ ಮಗ ನೀರಿನಲ್ಲಿ ಕೈಕಾಲು ಬಡಿಯುತ್ತಿದ್ದಾನೆ. ದಡದಲ್ಲಿ ಜನ ಇದ್ದಾರೆ, ಈಜು ಬಲ್ಲವರೂ ಇದ್ದಾರೆ. ಯುವಕನೊಬ್ಬ ಧುಮುಕಲು ಹೊರಟರೆ ಉಳಿದವರು ತಡೆಯುತ್ತಾರೆ, ಮುಟ್ಟಿದರೆ ಮೈಲಿಗೆ. ಪುಸ್ತಕದಲ್ಲಿ ಓದುವಾಗ ಇದು ಕೆಲವೇ ನಿಮಿಷದಲ್ಲಿ ಮುಗಿದುಹೋಗುತ್ತದೆ. ಕಣ್ಣು ಮುಂದಿನ ಸಾಲಿಗೆ ಜಾರುತ್ತದೆ. ತೆರೆಯ ಮೇಲೆ ಹಾಗೆ ಜಾರಲು ದಾರಿಯಿಲ್ಲ. ಆ ಮಗು ಮುಳುಗಲು ಎಷ್ಟು ಹೊತ್ತು ಬೇಕೋ ಅಷ್ಟೂ ಹೊತ್ತು ನೀವೂ ದಡದಲ್ಲಿ ನಿಂತವರ ಸಾಲಿನಲ್ಲೇ ಇರುತ್ತೀರಿ. ಆಗತಾನೆ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಿಂದ ಹೊರಬಂದಿದ್ದ ಗಿರೀಶ ಕಾಸರವಳ್ಳಿ ಈ ಚಿತ್ರಕ್ಕೆ ಸಹಾಯಕ ನಿರ್ದೇಶಕರು. ಎರಡು ವರ್ಷದಲ್ಲಿ ಅವರು ‘ಘಟಶ್ರಾದ್ಧ’ ಮಾಡಿದರು. ವಾಸುದೇವರಾಯರನ್ನು ಮೃಣಾಲ್ ಸೇನ್ ತಮ್ಮ ತೆಲುಗು ಚಿತ್ರ ‘ಒಕ ಊರಿ ಕಥ’ಕ್ಕೆ ಕರೆದೊಯ್ದರು.

ಚೋಮನ ಸಿನಿಮಾಕ್ಕೆ ಇನ್ನೊಂದು ಯೋಗವೂ ಕೂಡಿಬಂದಿತ್ತು. ಅದು ಬಂದದ್ದು ನಮ್ಮೂರಿನಲ್ಲಿ ಎಲ್ಲರೂ ‘ಡಿಕ್ಲರೇಶನ್’ ಎಂಬ ಒಂದೇ ಮಾತು ಆಡುತ್ತಿದ್ದ ಕಾಲದಲ್ಲಿ. ದೇವರಾಜ ಅರಸರ ಭೂಸುಧಾರಣೆಯ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದು, ಬಂಟ್ವಾಳ, ಬೆಳ್ತಂಗಡಿಗಳ ಚಾಲಗೇಣಿದಾರರು ಏಳನೇ ನಮೂನೆಯ ಅರ್ಜಿ ತುಂಬಿ ಭೂನ್ಯಾಯಮಂಡಳಿಯ ಎದುರು ನಿಲ್ಲತೊಡಗಿದ್ದರು. ಗೇಣಿ ಕೊಟ್ಟು ಉಳುತ್ತಿದ್ದ ಸಾವಿರಾರು ಕುಟುಂಬಗಳಿಗೆ ನೆಲ ಸಿಕ್ಕಿತು. ಈ ಜಿಲ್ಲೆಯ ಮುಖವೇ ಬದಲಾಯಿತು. ಚೋಮನಿಗೆ? ಅವನು ಗೇಣಿದಾರನೇ ಅಲ್ಲ. ಒಡೆಯ ಸಂಕಪ್ಪಯ್ಯನ ಮನೆಯ ಮೂಲದಾಳು, ಎಂದರೆ ಜೀತದಾಳು. ಮೂಲದಾಳಿಗೆ ಗೇಣಿಚೀಟಿ ಎಲ್ಲಿಂದ ಬರಬೇಕು, ಅವನು ಯಾವ ನಮೂನೆ ತುಂಬಬೇಕು? ಸಾಕಿದ ಎತ್ತುಗಳಿದ್ದರೂ ಉಳಲು ತುಂಡು ಭೂಮಿಯಿಲ್ಲದೆ ಸತ್ತ 1933ರ ಚೋಮ, 1974ರ ಕಾನೂನಿನ ಅಡಿಯಲ್ಲೂ ಬಹುತೇಕ ಹಾಗೆಯೇ ಸಾಯುತ್ತಿದ್ದ. ದಲಿತರಿಗೆಂದು ಬ್ರಿಟಿಷರ ಕಾಲದಲ್ಲೇ ಮೀಸಲಿಟ್ಟ ಡಿ.ಸಿ. ಮನ್ನಾ ಭೂಮಿಯನ್ನು ಹಂಚಿಕೊಡಿ ಎಂಬ ಮನವಿ ಹಿಡಿದು ಇಂದಿಗೂ ಈ ತಾಲ್ಲೂಕು ಕಚೇರಿಗಳ ಎದುರು ಧರಣಿ ಕೂರುತ್ತಾರೆ. ‘ಚೋಮನ ದುಡಿ’ಯನ್ನು ಹಳೆಯ ಕಾಲದ ಕರುಣಾಜನಕ ಕತೆ ಎಂದು ಪಾಠ ಮಾಡುವ ಮೇಷ್ಟ್ರುಗಳು ಮಕ್ಕಳನ್ನು ಒಮ್ಮೆ ಅಲ್ಲಿಗೆ ಕರೆದುಕೊಂಡು ಹೋಗಬಹುದು.

ಹೀಗೆ ಚೋಮನ ಬಗ್ಗೆ ಮಾತಾಡಲು ನಮಗೆ ಪುಸ್ತಕವೂ ಇದೆ, ಚಿತ್ರವೂ ಇದೆ, ಎದುರಿಗೆ ವಾಸ್ತವವೂ ಇದೆ. ‘ಕುಡಿಯರ ಕೂಸು’ ವಿಷಯಕ್ಕೆ ಬಂದರೆ ಪುಸ್ತಕವಿದೆ, ಜನರಿದ್ದಾರೆ, ಸಿನಿಮಾದ ಸುದ್ದಿಯೇ ಇಲ್ಲ.

ಬೆಳ್ತಂಗಡಿಯಲ್ಲಿ ನಿಂತು ಬಡಗು ದಿಕ್ಕಿಗೆ ನೋಡಿದರೆ ಮೊದಲು ಗಡಾಯಿಕಲ್ಲು, ಅದರಾಚೆ ಕುದುರೆಮುಖದ ಸಾಲು. ಆ ಬೆಟ್ಟಗಳ ಬುಡದಲ್ಲೂ ಒಡಲಲ್ಲೂ, ನಾರಾವಿ, ಕುತ್ಲೂರು, ಸವಣಾಲು, ಮಲವಂತಿಗೆ, ನೆರಿಯ, ಶಿಶಿಲಗಳ ಕಡೆ ಮಲೆಕುಡಿಯರ ಮನೆಗಳಿವೆ. ಕೆಲವು ಮನೆಗಳಿಗೆ ರಸ್ತೆ ಮುಗಿದ ಮೇಲೂ ನಡೆಯಬೇಕು. ತುಳು ಅವರ ಮಾತು. ಏಲಕ್ಕಿ, ಜೇನು, ಬೆತ್ತ, ಕಾಡುತ್ಪತ್ತಿ ಅವರ ಹಳೆಯ ಬದುಕು. ಈಗ ಹೆಸರಿನ ಮುಂದೆ ‘ಮಲೆಕುಡಿಯ’ ಎಂದು ಸೇರಿಸಿ ಬರೆಯುವ ಓದಿದ ತಲೆಮಾರು ಬಂದಿದೆ. ಕಾದಂಬರಿಯ ಮಲೆಗೆ ಕಾರಂತರು ಏನೇ ಹೆಸರಿಟ್ಟಿರಲಿ, ಐವತ್ತರ ದಶಕದ ಆರಂಭದಲ್ಲಿ ಅವರು ಬರೆದ ಈ ಕಾದಂಬರಿಯ ಜನ ಇವರೇ, ಸಹ್ಯಾದ್ರಿಯ ಮಡಿಲಿನ ಕುಡಿಯರು. ಎಚ್.ವೈ. ಶಾರದಾ ಪ್ರಸಾದ್ ಅದನ್ನು ಇಂಗ್ಲಿಷಿಗೆ ಅನುವಾದಿಸಿದ್ದಾರೆ.

ಕೆಳಗಿನವರ ಪಾಲಿಗೆ ಮಲೆ ಎಂದರೆ ಮೇಲೆ ಕಾಣುವ ನೋಟ. ಕಾರಂತರಿಗೆ ಅದು ಹತ್ತಿ ಇಳಿದ ದಾರಿ. ‘ಬೆಟ್ಟದ ಜೀವ’ದಲ್ಲಿ ಅವರು ಮಲೆಯ ಸೆರಗಿನಲ್ಲಿ ತೋಟ ಮಾಡಿದ ಹವ್ಯಕರ ಮನೆಯ ಜಗಲಿಯಲ್ಲಿ ಕೂತು ಕಾಡನ್ನು ಕಂಡರು. ‘ಕುಡಿಯರ ಕೂಸಿ’ನಲ್ಲಿ ಜಗಲಿ ಬಿಟ್ಟು ಕಾಡಿನೊಳಗಿನ ಮನುಷ್ಯನ ಕಡೆಯಿಂದ ನೋಡಿದರು. ಕೆಳಗಿನ ಒಡೆಯರು, ವ್ಯಾಪಾರಿಗಳು ಆಗ ಬೇರೆಯೇ ಬಣ್ಣದಲ್ಲಿ ಕಾಣುತ್ತಾರೆ. ಎರಡರಲ್ಲಿ ಹೆಚ್ಚು ಧೈರ್ಯದ ಕೃತಿ ಎರಡನೆಯದು ಎಂದು ನನ್ನ ಎಣಿಕೆ. ಪಠ್ಯಪುಸ್ತಕದವರಿಗೆ ‘ಬೆಟ್ಟದ ಜೀವ’ದ ಗೋಪಾಲಯ್ಯನೇ ಹೆಚ್ಚು ಇಷ್ಟವಾದದ್ದರಲ್ಲಿ ಆಶ್ಚರ್ಯವಿಲ್ಲ. ಬಂದವರಿಗೆ ಬೆಲ್ಲ ನೀರು ಕೊಡುವ ಅಜ್ಜನನ್ನು ಯಾರು ಬೇಡವೆನ್ನುತ್ತಾರೆ?

ಇಂಥ ಕಾದಂಬರಿಯನ್ನು ಬರೆದವರೇ ಚಿತ್ರ ಮಾಡಿದ್ದಾರೆ ಎಂದರೆ ಅದರ ಬೆಲೆಯನ್ನು ಪ್ರಶಸ್ತಿಯಿಂದ ಅಳೆಯಬೇಕಾಗಿಲ್ಲ. ತಾನು ಬರೆದ ಜನರ ಮುಖ ಹೇಗಿರಬೇಕು, ಅವರು ಹೇಗೆ ಕೂರುತ್ತಾರೆ, ಗುಡಿಸಲಿನ ಬಾಗಿಲು ಯಾವ ಕಡೆ, ಕಾದಂಬರಿಯ ಯಾವ ಭಾಗವನ್ನು ಕಾಲು ಶತಮಾನದ ನಂತರ ಬಿಡಬಹುದು, ಯಾವುದನ್ನು ಬಿಡಕೂಡದು – ಇದೆಲ್ಲದರ ಬಗ್ಗೆ ಲೇಖಕರ ಸ್ವಂತ ತೀರ್ಮಾನ ಅದರಲ್ಲಿ ದಾಖಲಾಗಿರುತ್ತದೆ. ಕಾರಂತರ ಕೃತಿಗಳನ್ನು ಆಮೇಲೆ ಒಳ್ಳೆಯ ನಿರ್ದೇಶಕರೇ ಮುಟ್ಟಿದ್ದಾರೆ. ನಾಗಾಭರಣರ ‘ಚಿಗುರಿದ ಕನಸು’ 2003ರಲ್ಲಿ, ಪಿ. ಶೇಷಾದ್ರಿಯವರ ‘ಬೆಟ್ಟದ ಜೀವ’ 2011ರಲ್ಲಿ, ಅವರದೇ ‘ಮೂಕಜ್ಜಿಯ ಕನಸುಗಳು’ 2019ರಲ್ಲಿ ಬಂದವು. ಅವೆಲ್ಲ ಕಾರಂತರ ಬಗ್ಗೆ ಬೇರೆಯವರ ಓದು. ‘ಮಲೆಯ ಮಕ್ಕಳು’ ಕಾರಂತರು ಕಾರಂತರನ್ನು ಓದಿದ್ದು.

ಈ ಚಿತ್ರವನ್ನು ಹುಡುಕಬೇಕು ಎನ್ನಲು ಇದು ಒಂದು ಕಾರಣ. ಎರಡನೆಯ ಕಾರಣ ಕಾಡಿನದು. ಕುದುರೆಮುಖದ ಕಬ್ಬಿಣದ ಅದಿರಿನ ಕಂಪನಿ ಸ್ಥಾಪನೆಯಾದದ್ದು 1976ರಲ್ಲಿ. ಗಣಿಗಾರಿಕೆ ನಿಂತದ್ದು 2005ರ ಕೊನೆಗೆ. ಆ ನಡುವೆ 1987ರಲ್ಲಿ ರಾಷ್ಟ್ರೀಯ ಉದ್ಯಾನದ ಅಧಿಸೂಚನೆ ಹೊರಟಿತು. ಕಾಡು ಉಳಿಸುವ ಕಾನೂನು ಬಂದಾಗ ಕಾಡಿನಲ್ಲಿದ್ದವರೇ ಅತಿಕ್ರಮಣದವರಂತೆ ಕಂಡರು. ಒಕ್ಕಲೆಬ್ಬಿಸುವ ಮಾತು, ಪುನರ್ವಸತಿಯ ಪ್ಯಾಕೇಜು, ‘ಹೋಗುವುದೋ ಇರುವುದೋ’ ಎಂಬ ಜಗಳ ಒಂದೊಂದು ಮನೆಯನ್ನೂ ಹೊಕ್ಕಿತು. 1978ರ ಚಿತ್ರ ಇವೆಲ್ಲ ಶುರುವಾಗುವ ಹೊಸ್ತಿಲಲ್ಲಿದೆ. ದೈ ಸಿಜೀ ತನ್ನ ಹಳ್ಳಿ ಮುಳುಗಿದ್ದನ್ನು ಚಿತ್ರದ ಕೊನೆಗೆ ಸೇರಿಸಿದರು. ನಮ್ಮ ಮಲೆಯ ಕತೆಗೆ ಆ ಕೊನೆಯನ್ನು ಕಾಲವೇ ಬರೆಯಿತು. ಅದಕ್ಕೂ ಮೊದಲಿನ ಮಲೆಯನ್ನು ಕಾರಂತರ ಕಣ್ಣಿನಿಂದ ನೋಡುವ ಅವಕಾಶ ಆ ರೀಲುಗಳಲ್ಲಿದೆ.

ರೀಲಿಗೆ ಆಯುಷ್ಯವಿರುವುದನ್ನು ನಾವು ಮರೆತುಬಿಡುತ್ತೇವೆ. ಆ ಕಾಲದ ಅಸಿಟೇಟ್ ಫಿಲ್ಮು ಸೆಕೆ ಮತ್ತು ತೇವಕ್ಕೆ ಸಿಕ್ಕಿದರೆ ಹುಳಿ ಬಿಡತೊಡಗುತ್ತದೆ. ಡಬ್ಬ ತೆರೆದರೆ ವಿನೆಗರಿನ ವಾಸನೆ, ಫಿಲ್ಮು ಕುಗ್ಗಿ ಮುರುಟಿ ಯಂತ್ರದ ಹಲ್ಲಿಗೆ ಕೂರದಾಗುತ್ತದೆ. ಒಂದು ರೀಲು ಹುಳಿಯಾದರೆ ಪಕ್ಕದ್ದಕ್ಕೂ ಹಬ್ಬುತ್ತದೆ. ಆಟಿ ತಿಂಗಳಿನಲ್ಲಿ ಕಪಾಟಿನೊಳಗಿನ ಬಟ್ಟೆಗೇ ಬೂಸ್ಟು ಹಿಡಿಯುವ ನಮ್ಮ ಊರಿನಲ್ಲಿ ಫಿಲ್ಮು ಉಳಿಸುವುದು ಎಷ್ಟು ಕಷ್ಟವೆಂದು ಬೇರೆ ಹೇಳಬೇಕಿಲ್ಲ. ಪುಣೆಯಲ್ಲಿ 1964ರಿಂದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವಿದೆ. ತಂಪಾದ, ಒಣಗಿದ ಕೋಣೆಗಳಿವೆ. ಹಳೆಯ ಚಿತ್ರಗಳನ್ನು ಸ್ಕ್ಯಾನ್ ಮಾಡಿ ಗೀರು ತೆಗೆದು ಮರುಜೀವ ಕೊಡುವ ಕೆಲಸಕ್ಕೆ ಕೇಂದ್ರ ಸರ್ಕಾರ ಹಣವನ್ನೂ ಒದಗಿಸಿದೆ. ಯಾವ ಚಿತ್ರ ಮೊದಲು ಎಂಬ ಸರದಿಯಲ್ಲಿ ಕೇಳುವವರಿದ್ದ ಚಿತ್ರ ಮುಂದೆ ಹೋಗುತ್ತದೆ. ನಾವು ಕೇಳಬೇಕು.

ಕೇಳುವವರು ಯಾರು ಎಂಬುದಕ್ಕೆ ಬೆಂಗಳೂರಿನ ಕಡೆ ನೋಡುವ ಅಗತ್ಯವಿಲ್ಲ. ಮೂಡುಬಿದಿರೆಯಲ್ಲಿ ಶಿವರಾಮ ಕಾರಂತರ ಹೆಸರಿನ ಪ್ರತಿಷ್ಠಾನವಿದೆ, ಅವರ ಹೆಸರಿನಲ್ಲಿ ಪುರಸ್ಕಾರ ಕೊಡುತ್ತದೆ. ಅದೇ ಊರಿನ ವಿದ್ಯಾಗಿರಿಯ ಆಳ್ವಾಸ್‌ನಲ್ಲೂ ಬೆಳ್ತಂಗಡಿ ತಾಲ್ಲೂಕಿನ ಉಜಿರೆಯ ಎಸ್.ಡಿ.ಎಂ. ಕಾಲೇಜಿನಲ್ಲೂ ಪತ್ರಿಕೋದ್ಯಮ ಓದುವ, ಮೊಬೈಲಿನಲ್ಲೇ ಕಿರುಚಿತ್ರ ಮಾಡುವ ನೂರಾರು ಮಕ್ಕಳಿದ್ದಾರೆ. ಪುತ್ತೂರಿನ ಬಾಲವನವಂತೂ ಕಾರಂತರ ಮನೆಯೇ. ಪ್ರತಿ ವರ್ಷ ಅಕ್ಟೋಬರ್ 10ಕ್ಕೆ ಕಾರಂತರ ಜನ್ಮದಿನದಂದು ಭಾಷಣ, ಹಾರ, ಊಟ ನಡೆಯುತ್ತದೆ. ಭಾಷಣ ಒಂದೆರಡು ಕಡಿಮೆ ಮಾಡಿ, ‘ಮಲೆಯ ಮಕ್ಕಳು’ ಚಿತ್ರದ ಪ್ರತಿ ಎಲ್ಲಿದೆ ಎಂದು ಸರ್ಕಾರಕ್ಕೂ ಸಂಗ್ರಹಾಲಯಕ್ಕೂ ಕರ್ನಾಟಕ ಚಲನಚಿತ್ರ ಅಕಾಡೆಮಿಗೂ ಒಂದು ಪತ್ರ ಬರೆದರೆ ಕಾರಂತರು ಖಂಡಿತ ಬೇಸರ ಮಾಡಿಕೊಳ್ಳುತ್ತಿರಲಿಲ್ಲ. ಭಾಷಣ ಅವರಿಗೇ ಹೆಚ್ಚು ಸೇರುತ್ತಿರಲಿಲ್ಲ.

ಪ್ರತಿ ಸಿಕ್ಕಿದರೆ ಮೊದಲ ಪ್ರದರ್ಶನ ಮಂಗಳೂರಿನ ಮಾಲ್‌ನಲ್ಲಿ ಬೇಡ. ಕುತ್ಲೂರು ಕಡೆಯ ಯಾವುದಾದರೂ ಶಾಲೆಯ ಅಂಗಳದಲ್ಲಿ ಬಿಳಿ ಬಟ್ಟೆ ಕಟ್ಟಿ ತೋರಿಸಲಿ. ತಮ್ಮ ಅಜ್ಜ ಅಜ್ಜಿಯರ ಬದುಕನ್ನು ಒಬ್ಬ ಹೊರಗಿನ ಲೇಖಕ ಹೇಗೆ ಕಂಡ, ಎಲ್ಲಿ ಸರಿ ಕಂಡ, ಎಲ್ಲಿ ತಪ್ಪಿದ ಎಂದು ಹೇಳುವ ಮೊದಲ ಹಕ್ಕು ಅವರದು. ವಿಮರ್ಶಕರು ಆಮೇಲೆ ಬರೆಯಲಿ.

ಅಲ್ಲಿಯವರೆಗೆ ಓದುಗರಲ್ಲಿ ಒಂದು ವಿನಂತಿ. ಎಪ್ಪತ್ತರ ದಶಕದ ಕೊನೆಯಲ್ಲಿ ಈ ಚಿತ್ರವನ್ನು ನೋಡಿದವರು, ಅದರಲ್ಲಿ ದುಡಿದವರು ಅಥವಾ ಅಂಥವರ ಮಕ್ಕಳು ನಿಮ್ಮಲ್ಲಿ ಇದ್ದಾರು. ಒಂದು ಸ್ಥಿರಚಿತ್ರ, ಒಂದು ಪೋಸ್ಟರು, ಹಳೆಯ ಪತ್ರಿಕೆಯ ತುಂಡು ಕಪಾಟಿನಲ್ಲಿ ಇದ್ದೀತು. ಈ ಮಳೆಗಾಲಕ್ಕೆ ಮೊದಲು ಅದನ್ನು ಹೊರತೆಗೆದು ಹತ್ತಿರದ ಕಾಲೇಜಿನ ಕನ್ನಡ ವಿಭಾಗಕ್ಕೋ ಬಾಲವನಕ್ಕೋ ತಲುಪಿಸಿ.